ಎರಡನೇ ಸಲ ಕೇಳಬಾರದಿತ್ತು

ಮೇಜಿನ ಮೇಲೆ ಎರಡು ಸಾಲು ಗುಂಡಿ, ಸಾಲಿಗೆ ಆರರಂತೆ. ಎದುರಿಗೆ ಆರು ವರ್ಷದ ಹುಡುಗಿ. ಎರಡು ಸಾಲಲ್ಲೂ ಸಮ ಇದೆಯಾ ಎಂದು ಕೇಳಿದೆ. ಹೌದು ಎಂದಳು. ಅವಳ ಕಣ್ಣೆದುರೇ ಒಂದು ಸಾಲನ್ನು ಅಗಲವಾಗಿ ಹರಡಿ, "ಈಗ ಸಮ ಇದೆಯಾ?" ಎಂದೆ. ಅವಳು ಗುಂಡಿ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಉದ್ದ ಸಾಲಿನ ಕಡೆ ಬೆರಳು ಮಾಡಿ "ಇದರಲ್ಲಿ ಜಾಸ್ತಿ" ಎಂದಳು. ನಾನು ಅವಳ ಹೆಸರಿನ ಮುಂದೆ 'ಪೂರ್ವ ಕಾರ್ಯಾತ್ಮಕ ಹಂತ' (ತರ್ಕ ಇನ್ನೂ ಬಲಿಯದ ವಯಸ್ಸು) ಎಂದು ಬರೆದುಕೊಂಡೆ. ಗುಂಡಿಗಳನ್ನು ಡಬ್ಬಿಗೆ ತುಂಬುವಾಗ ಅವಳೇ ಮೆಲ್ಲಗೆ ಹೇಳಿದಳು: "ಎರಡರಲ್ಲೂ ಆರೇ ಇತ್ತು ಟೀಚರ್. ನೀವು ಮತ್ತೆ ಕೇಳಿದ್ರಲ್ಲ, ಅದಕ್ಕೇ ಬೇರೆ ಹೇಳ್ದೆ."

ಆ ಮಾತು ಕೇಳಿ ಬರೆದಿದ್ದನ್ನು ಹೊಡೆದು ಹಾಕಿದೆ.

ಶಿಕ್ಷಕರ ತರಬೇತಿಯಲ್ಲಿ ನಾವೆಲ್ಲ, ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆಯ ನಾಲ್ಕು ಹಂತಗಳನ್ನು ವಯಸ್ಸಿನ ಸಮೇತ ಬಾಯಿಪಾಠ ಮಾಡಿದವರು. ಎರಡರಿಂದ ಏಳು ವರ್ಷದವರೆಗೆ, ಅಂದರೆ ಪೂರ್ವ ಕಾರ್ಯಾತ್ಮಕ ಹಂತದಲ್ಲಿ, ಮಗು ಕಣ್ಣಿಗೆ ಕಂಡದ್ದನ್ನೇ ನಂಬುತ್ತದೆ, ಸಾಲು ಉದ್ದವಾದರೆ ಎಣಿಕೆಯೂ ಹೆಚ್ಚಾಯಿತು ಅಂದುಕೊಳ್ಳುತ್ತದೆ ಎಂದು ಬರೆದು ಅಂಕ ತೆಗೆದವಳು ನಾನೂ. ಆ ಹುಡುಗಿಯ ಮಾತಿನ ನಂತರ ಹುಡುಕಿ ಓದಿದಾಗ ಗೊತ್ತಾಯಿತು, ಇದೇ ಅನುಮಾನ ಬಂದವರು ಮೊದಲೇ ಇದ್ದರು. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಸಾಲು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿ ಗೊಂಬೆಗೆ ಒಪ್ಪಿಸಿದರು. ದೊಡ್ಡವರು ಬೇಕಂತಲೇ ಸಾಲು ಬದಲಿಸಿದಾಗ ತಪ್ಪು ಹೇಳುತ್ತಿದ್ದ ಎಷ್ಟೋ ಮಕ್ಕಳು, ಗೊಂಬೆ ಬಂದು ಕೆಡಿಸಿದಾಗ ಸರಿ ಉತ್ತರ ಕೊಟ್ಟರು. 1984ರಲ್ಲಿ ಸ್ಯಾಮ್ಯುಯೆಲ್ ಮತ್ತು ಬ್ರಯಂಟ್ ಮೊದಲ ಪ್ರಶ್ನೆಯನ್ನೇ ಕೈಬಿಟ್ಟು, ಬದಲಾವಣೆ ಆದಮೇಲೆ ಒಂದೇ ಸಲ ಕೇಳಿ ನೋಡಿದರು. ತಪ್ಪುಗಳು ಕಡಿಮೆಯಾದವು.

ನಾನೂ ಹಾಗೇ ಮಾಡಿದೆ. ಬಟ್ಟೆಯ ಕೋತಿಯೊಂದನ್ನು ತಂದು ಅದರ ಕೈಯಲ್ಲಿ ಸಾಲು ಕೆಡಿಸಿ, ಒಂದೇ ಸಲ ಕೇಳತೊಡಗಿದೆ. ಹಾಗಂತ ಎಲ್ಲರ ಉತ್ತರವೂ ಬದಲಾಗಲಿಲ್ಲ. ಒಬ್ಬ ಹುಡುಗ ಎರಡೂ ಸಾಲನ್ನು ಬೆರಳಿಟ್ಟು ಎಣಿಸಿ, "ಇಲ್ಲೂ ಆರು, ಇಲ್ಲೂ ಆರು. ಆದ್ರೂ ಇದೇ ಜಾಸ್ತಿ, ಅಲ್ಲೀತನಕ ಹೋಗಿದೆಯಲ್ಲ" ಎಂದ. ಅವನು ನನ್ನ ಮುಖ ನೋಡಿರಲಿಲ್ಲ, ಅನುಮಾನವೂ ಪಟ್ಟಿರಲಿಲ್ಲ. ಅವನ ಮಟ್ಟಿಗೆ ಪಿಯಾಜೆ ಹೇಳಿದ್ದು ಅಕ್ಷರಶಃ ನಿಜ. ಹೊರಗಿನಿಂದ ಒಂದೇ ಥರ ಕಾಣುವ ಎರಡು ತಪ್ಪು ಉತ್ತರಗಳ ಒಳಗೆ ಇಷ್ಟು ಅಂತರ ಇರುತ್ತದೆ ಎಂಬುದು ನನಗೆ ಹೊಸದಾಗಿತ್ತು.

ಸರಿ-ತಪ್ಪಿನ ವಿಷಯಕ್ಕೆ ಬಂದಾಗ ಇನ್ನೂ ಹೆಚ್ಚು ಎಡವಿದೆ. ಪಿಯಾಜೆ 1932ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಥೆಜೋಡಿ ಇದೆ. ಒಬ್ಬ ಹುಡುಗ ಊಟಕ್ಕೆ ಕರೆದರೆಂದು ಬಾಗಿಲು ತಳ್ಳುತ್ತಾನೆ, ಹಿಂದೆ ಇಟ್ಟಿದ್ದ 15 ಕಪ್ ಒಡೆಯುತ್ತವೆ. ಇನ್ನೊಬ್ಬ ಅಮ್ಮ ಇಲ್ಲದಾಗ ಕದ್ದು ಜಾಮ್ ತೆಗೆಯಲು ಹೋಗಿ ಒಂದು ಕಪ್ ಒಡೆಯುತ್ತಾನೆ. "ಯಾರದು ಹೆಚ್ಚು ತಪ್ಪು?" ಎಂದು ಕೇಳಿದೆ. ಚಿಕ್ಕವರೆಲ್ಲ ಹದಿನೈದು ಕಪ್ಪಿನವನನ್ನೇ ತೋರಿಸಿದರು. ಪುಸ್ತಕದಲ್ಲಿ ಇರುವುದೂ ಅದೇ: ಚಿಕ್ಕ ಮಕ್ಕಳು ಉದ್ದೇಶ ನೋಡುವುದಿಲ್ಲ, ನಷ್ಟ ನೋಡುತ್ತಾರೆ.

ಅನುಮಾನ ಬಂದದ್ದು ಮರುದಿನ ಲೆಕ್ಕ ತಿದ್ದುವಾಗ. "ಟೀಚರ್, ನಂದು ಎಷ್ಟು ತಪ್ಪು?" ಎಂದು ಒಬ್ಬಳು ಕೇಳಿದಳು. ಹೌದಲ್ಲ! ನಮ್ಮ ಭಾಷೆಯಲ್ಲಿ ಕೂಡಿಸುವಲ್ಲಿ ಎಡವಿದರೂ ತಪ್ಪು, ಕದ್ದರೂ ತಪ್ಪು. ಹೆಚ್ಚು ತಪ್ಪು ಯಾರದು ಎಂದರೆ ಮಗು ಕಪ್ಪುಗಳನ್ನು ಎಣಿಸಿತು, ಅಷ್ಟೇ. ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆ: "ನಿನಗೆ ಯಾರ ಮೇಲೆ ಜಾಸ್ತಿ ಸಿಟ್ಟು ಬರುತ್ತೆ? ಯಾಕೆ?" ಕೇಳುವುದಕ್ಕೆ ಮುಂಚೆ ಕಥೆಯನ್ನು ಮಗುವಿನ ಬಾಯಲ್ಲೇ ಹೇಳಿಸಿದೆ. ಆಗ ಇನ್ನೊಂದು ಹೊರಬಿತ್ತು. ಎಷ್ಟೋ ಮಕ್ಕಳ ಕಥೆಯಲ್ಲಿ ಬಾಗಿಲು ಇತ್ತು, ಕಪ್ ಇತ್ತು, ಒಡೆದ ಸದ್ದೂ ಇತ್ತು. ಬಾಗಿಲು ತಳ್ಳಿದವನಿಗೆ ಕಪ್ ಇರುವುದು ಗೊತ್ತೇ ಇರಲಿಲ್ಲ ಎಂಬುದು ಮಾತ್ರ ಬಿಟ್ಟುಹೋಗಿತ್ತು. ನೆನಪಲ್ಲೇ ಉಳಿಯದ ಉದ್ದೇಶವನ್ನು ಮಗು ತೂಗುವುದಾದರೂ ಹೇಗೆ? ಇಬ್ಬರಿಂದಲೂ ಒಂದೊಂದೇ ಕಪ್ ಒಡೆಸಿ, ಯಾರ ಮನಸ್ಸಲ್ಲಿ ಏನಿತ್ತು ಎಂಬುದನ್ನು ಚಿತ್ರ ಬರೆದು ತೋರಿಸಿದಾಗ, ಐದು ವರ್ಷದವರೂ ಕದಿಯಲು ಹೋದವನನ್ನೇ ತೋರಿಸಿದರು. ಹದಿನೈದರ ಕಥೆಗೆ ಮರಳಿದಾಗ ಕೆಲವರು ಮತ್ತೆ ಹದಿನೈದಕ್ಕೇ ಹೋದರು. ಉದ್ದೇಶ ಅವರಿಗೆ ಗೊತ್ತು, ಆದರೆ ದೊಡ್ಡ ನಷ್ಟದ ಎದುರು ಅದನ್ನು ಹಿಡಿದು ನಿಲ್ಲಲು ಇನ್ನೂ ಬಲ ಸಾಲದು ಎಂದು ನನಗನ್ನಿಸಿತು.

ಹತ್ತು-ಹನ್ನೆರಡರ ಮಕ್ಕಳ ಜೊತೆ ಸರಿ-ತಪ್ಪಿನ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್‌ನ ಹೈನ್ಸ್ ಕಥೆ ಮಾತಾಡಿದ್ದೇನೆ, ಔಷಧಿ ಅಂಗಡಿಯವನು ಕೇಳಿದಷ್ಟು ಹಣವಿಲ್ಲದ ಹೈನ್ಸ್ ಸಾಯುತ್ತಿರುವ ಹೆಂಡತಿಗಾಗಿ ಔಷಧಿ ಕದಿಯಬಹುದೇ ಎಂಬುದು. ಇಬ್ಬರು "ಕದಿಯಬಾರದು" ಎಂದರು. ಒಬ್ಬನಿಗೆ ಪೊಲೀಸರ ಭಯ. ಇನ್ನೊಬ್ಬಳಿಗೆ ಎಲ್ಲರೂ ಹೀಗೇ ಮಾಡಿದರೆ ಏನು ಗತಿ ಎಂಬ ಚಿಂತೆ. ಕೋಲ್‌ಬರ್ಗ್ ನೈತಿಕ ಯೋಚನೆಯ ಆರು ಹಂತಗಳನ್ನು ಬೇರ್ಪಡಿಸಿದ್ದು ಈ ಕಾರಣಗಳ ಮೇಲೆಯೇ, ಹೌದು-ಇಲ್ಲಗಳ ಮೇಲಲ್ಲ. ಅವರ ಮೊದಲ ಅಧ್ಯಯನದಲ್ಲಿ ಇದ್ದವರೆಲ್ಲ ಹುಡುಗರೇ. 1982ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲ್ಲಿಗನ್, ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಸಂಬಂಧ ಮತ್ತು ಕಾಳಜಿಯ ದನಿ ಆ ಅಳತೆಗೋಲಿನಲ್ಲಿ ಕೇಳಿಸುವುದಿಲ್ಲ ಎಂದು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದದ್ದೇ. ಆದರೆ "ಅಂಗಡಿಯವನ ಹತ್ತಿರ ಇನ್ನೊಂದು ಸಲ ಹೋಗಿ ಮಾತಾಡಲಿ, ಅವನೂ ಮನುಷ್ಯನೇ" ಎಂದು ನನ್ನ ತರಗತಿಯಲ್ಲಿ ಹೇಳಿದ್ದು ಒಬ್ಬ ಹುಡುಗ.

ಇದೆಲ್ಲದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ಅವರ ದಾರಿ: ಬರೀ ರೂಢಿಯ ನಿಯಮವನ್ನೂ ನಿಜವಾದ ಸರಿ-ತಪ್ಪನ್ನೂ ಮಕ್ಕಳು ಬೇರೆಬೇರೆಯಾಗಿ ನೋಡುತ್ತಾರೆಯೇ ಎಂದು ಕೇಳುವುದು. ಪುಟ್ಟವರಿಗೆ ಎರಡು ಪ್ರಶ್ನೆ ಹಾಕಿದೆ. ಟೀಚರ್ ಬಂದಾಗ ಎದ್ದು ನಿಲ್ಲಬೇಕಾಗಿಲ್ಲ ಎಂದು ನಾನೇ ಹೇಳಿದರೆ, ಕೂತೇ ಇರಬಹುದಾ? "ಓ, ಇರಬಹುದು." ಪಕ್ಕದವನಿಗೆ ಹೊಡೆಯಬಹುದು ಎಂದು ನಾನೇ ಹೇಳಿದರೆ? ಗದ್ದಲ ನಿಂತಿತು. ಗುಂಡಿ ಆಟದಲ್ಲಿ ನನ್ನ ಮುಖ ನೋಡಿ ಉತ್ತರ ಬದಲಿಸಿದ ಅದೇ ಹುಡುಗಿ ಈ ಸಲ ಮುಖ ನೋಡಲಿಲ್ಲ. "ನೀವು ಹೇಳಿದ್ರೂ ಅವನಿಗೆ ನೋವಾಗುತ್ತಲ್ಲ" ಎಂದಳು. ನಾನು ಎರಡನೇ ಸಲ ಕೇಳಲಿಲ್ಲ.