ಜೀವವಿಕಾಸಕ್ಕೆ ಗುರಿ ಹಚ್ಚದೆ ವಿಜ್ಞಾನ ಕಥೆ ಬರೆಯುವುದು ಹೇಗೆ

ಕೊಡಗಿನಲ್ಲಿ ಕುಳಿತು ಭವಿಷ್ಯದ ಜೀವಿಗಳ ಕಥೆ ಬರೆಯಹೊರಟವರಿಗೆ ಸಾಮಗ್ರಿಯ ಬರವಿಲ್ಲ. ಬ್ರಹ್ಮಗಿರಿಯ ಮತ್ತು ಪುಷ್ಪಗಿರಿಯ ಕಾಡುಗಳು, ಊರೂರಿನಲ್ಲಿ ತುಣುಕುಗಳಾಗಿ ಉಳಿದಿರುವ ದೇವರಕಾಡುಗಳು, ಅವುಗಳ ನಡುವೆ ಹಬ್ಬಿರುವ ಕಾಫಿ ತೋಟಗಳು ಎಲ್ಲವೂ ಕಣ್ಣೆದುರಿಗೇ ಇವೆ. ಆದರೂ ಕಥೆ ಕೆಲವು ಸಾವಿರ ವರ್ಷ ಮುಂದಕ್ಕೆ ಹೋದ ಕೂಡಲೇ ಲೇಖಕರು ಹಿಡಿಯುವ ಜಾಡು ಬಹುಮಟ್ಟಿಗೆ ಒಂದೇ: ಮನುಷ್ಯನ ತಲೆ ದೊಡ್ಡದಾಗುತ್ತದೆ, ಕೈಕಾಲು ಸೊರಗುತ್ತವೆ, ಮಾತು ನಿಂತು ಮನಸ್ಸು ಮನಸ್ಸುಗಳೇ ಸಂಭಾಷಿಸತೊಡಗುತ್ತವೆ, ಕೊನೆಗೆ ದೇಹವೂ ಕಳಚಿಹೋಗಿ ಬರಿಯ ಬೆಳಕು ಉಳಿಯುತ್ತದೆ. ಇದಕ್ಕೆಲ್ಲ ಕೊಡುವ ಕಾರಣವೂ ಒಂದೇ. ಅದು ‘ವಿಕಾಸದ ಮುಂದಿನ ಹಂತ’. ಜೀವಿಗಳು ಯಾವುದೋ ಶಿಖರದ ಕಡೆಗೆ ಏರುತ್ತಿವೆ ಎಂಬ ನಂಬಿಕೆ ಇದರ ಅಡಿಯಲ್ಲಿದೆ. ಡಾರ್ವಿನ್ 1859ರಲ್ಲಿ ಪ್ರಕಟಿಸಿದ ವಿವರಣೆಯಲ್ಲಿ ಅಂಥ ಶಿಖರಕ್ಕೆ ಜಾಗವಿಲ್ಲ. ಅದನ್ನು ಬಿಟ್ಟು ಬರೆದರೆ ವಿಜ್ಞಾನ ಸರಿಯಾಗುವುದಷ್ಟೇ ಅಲ್ಲ, ಕಥೆಯೂ ಹೆಚ್ಚು ಜೀವಂತವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬರೆಯುವ ಮೊದಲು ನೈಸರ್ಗಿಕ ಆಯ್ಕೆ ನಡೆಯುವ ಬಗೆಯನ್ನು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಿ. ಒಂದೇ ಪ್ರಭೇದದ ಜೀವಿಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಅವುಗಳಲ್ಲಿ ಕೆಲವು ಮರಿಗಳಿಗೆ ದಾಟುತ್ತವೆ, ಹಾಗೆ ದಾಟಿದ ವ್ಯತ್ಯಾಸಗಳಲ್ಲಿ ಕೆಲವು ಆ ಜಾಗದಲ್ಲಿ ಹೆಚ್ಚು ಸಂತತಿ ಉಳಿಯಲು ನೆರವಾಗುತ್ತವೆ. ಅಷ್ಟೇ. ಆದ್ದರಿಂದ ನಿಮ್ಮ ಕಲ್ಪನೆಯ ಪ್ರತಿಯೊಂದು ಹೊಸ ಲಕ್ಷಣಕ್ಕೂ ಒಂದು ಪ್ರಶ್ನೆಯನ್ನು ಒಡ್ಡಿ: ಈ ಲಕ್ಷಣವಿದ್ದವರ ಮಕ್ಕಳು, ಈ ಜಾಗದಲ್ಲಿ, ಈ ಕಾಲದಲ್ಲಿ, ಉಳಿದವರ ಮಕ್ಕಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದದ್ದು ಏಕೆ? ದೊಡ್ಡ ತಲೆಯ ಮನುಷ್ಯನಿಗೆ ಈ ಪ್ರಶ್ನೆ ಹಾಕಿದರೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ದೊಡ್ಡ ತಲೆ ಹೆರಿಗೆಯನ್ನು ಕಷ್ಟಗೊಳಿಸುತ್ತದೆ. ಮಿದುಳು ದೇಹದ ಸುಮಾರು ಶೇ. 2ರಷ್ಟು ತೂಕವಿದ್ದರೂ ವಿಶ್ರಾಂತಿಯಲ್ಲಿರುವಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಬಳಸಿಕೊಳ್ಳುತ್ತದೆ. ನಮ್ಮಷ್ಟೇ ದೊಡ್ಡ ಮಿದುಳಿದ್ದ ನಿಯಾಂಡರ್ತಾಲ್ ಮಾನವರು ಅಳಿದುಹೋದರು. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 2003ರಲ್ಲಿ ಪಳೆಯುಳಿಕೆ ಸಿಕ್ಕ ಗಿಡ್ಡ ಮಾನವರು ನಮ್ಮ ಮೂರನೆಯ ಒಂದು ಪಾಲಿನಷ್ಟು ಮಿದುಳಿನೊಂದಿಗೇ ದೀರ್ಘಕಾಲ ಬಾಳಿದ್ದರು.

ಗುರಿಯ ಕಲ್ಪನೆ ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ನೋಡಲು ನಮ್ಮ ಕಾಡಿನ ಮೂರು ಜೀವಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಹಾರುವ ಓತಿಯ ಪಕ್ಕೆಲುಬುಗಳು ಉದ್ದವಾಗಿದ್ದು, ಅವುಗಳ ಮೇಲೆ ಹರಡಿದ ಚರ್ಮವೇ ಅದನ್ನು ಮರದಿಂದ ಮರಕ್ಕೆ ತೇಲಿಸುತ್ತದೆ. ಹಾರುವ ಅಳಿಲಿನಲ್ಲಿ ಮುಂಗಾಲಿನಿಂದ ಹಿಂಗಾಲಿನವರೆಗೆ ಚಾಚಿದ ಚರ್ಮವು ಆ ಕೆಲಸ ಮಾಡುತ್ತದೆ. ಮಲಬಾರಿನ ಹಾರುವ ಕಪ್ಪೆಯಲ್ಲಿ ಬೆರಳುಗಳ ನಡುವಿನ ಅಗಲವಾದ ಜಾಲಪೊರೆ ಸಾಕಾಗಿದೆ. ಇವುಗಳಲ್ಲಿ ಯಾವುದೂ ಹಕ್ಕಿಯಾಗುವ ದಾರಿಯ ನಡುವೆ ನಿಂತಿಲ್ಲ, ಯಾವುದೂ ಅರ್ಧಕ್ಕೆ ಬಿಟ್ಟ ಕೆಲಸವಲ್ಲ. ರೆಕ್ಕೆ ಬಡಿಯಲಾರದ ಓತಿಯನ್ನು ‘ಇನ್ನೂ ಹಾರಲು ಕಲಿಯದ ಪ್ರಾಣಿ’ ಎಂದು ನಿಮ್ಮ ನಿರೂಪಕ ಕರೆದರೆ, ಆ ಓತಿ ಇಂದು ಅಡಿಕೆ ಮರಗಳ ನಡುವೆ ತನ್ನ ಬದುಕನ್ನು ಪೂರ್ತಿಯಾಗಿ ನಡೆಸುತ್ತಿದೆ ಎಂಬ ಸಂಗತಿಯೇ ಮರೆಯಾಗುತ್ತದೆ. ಭವಿಷ್ಯದಲ್ಲಿ ಅದನ್ನು ಬದಲಿಸಲೇಬೇಕೆಂದಿದ್ದರೆ ಮೊದಲು ಅದರ ಜಾಗವನ್ನು ಬದಲಿಸಿ. ನೆರಳುಮರಗಳ ನಡುವಿನ ಅಂತರ ಹೆಚ್ಚಿತೇ, ಮರಕಪಾತು (ನೆರಳುಮರಗಳ ಕೊಂಬೆ ಸವರುವ ಕೆಲಸ) ನಿಂತು ಕೊಂಬೆಗಳು ಒಂದಕ್ಕೊಂದು ತಾಗತೊಡಗಿದವೇ, ಮೊಟ್ಟೆಯಿಡಲು ನೆಲಕ್ಕಿಳಿಯುವ ಹೆಣ್ಣನ್ನು ಹಿಡಿಯುವ ಹೊಸ ಪ್ರಾಣಿ ಬಂದಿತೇ ಎಂದು ತೀರ್ಮಾನಿಸಿದ ಮೇಲೆ ಪಕ್ಕೆಲುಬು ಉದ್ದವಾಗಬೇಕೋ ಮೊಟಕಾಗಬೇಕೋ ಎಂಬುದು ತಾನಾಗಿ ತಿಳಿಯುತ್ತದೆ. ಕೊಂಬೆಗಳು ಕೂಡಿಕೊಂಡ ತೋಟದಲ್ಲಿ ತೇಲುವ ಅಗತ್ಯವೇ ಕಡಿಮೆಯಾಗಿ, ಸಾವಿರಾರು ತಲೆಮಾರುಗಳ ನಂತರ ಹಾರದ ಓತಿಯೊಂದು ಉಳಿಯಬಹುದು. ಅದು ಸೋಲಿನ ಕಥೆಯಲ್ಲ.

ಇಲ್ಲಿ ಎಚ್ಚರವುಳ್ಳ ಓದುಗರು ಒಂದು ಆಕ್ಷೇಪ ಎತ್ತುತ್ತಾರೆ: ಒಂದೇ ಕಾಡಿನ ಮೂರು ಜೀವಿಗಳಲ್ಲಿ ತೇಲಾಟ ಬೇರೆಬೇರೆಯಾಗಿ ಹುಟ್ಟಿದೆಯೆಂದರೆ ವಿಕಾಸಕ್ಕೆ ಒಂದು ದಿಕ್ಕು ಇದ್ದಂತಾಗಲಿಲ್ಲವೇ? ಆಕ್ಷೇಪ ಗಂಭೀರವಾದದ್ದು, ತಳ್ಳಿಹಾಕಬಾರದು. ಎತ್ತರದ ಮರಗಳಿರುವಲ್ಲಿ ಬೀಳುವ ಅಪಾಯ ಎಲ್ಲರಿಗೂ ಒಂದೇ, ಗಾಳಿಯ ನಿಯಮವೂ ಒಂದೇ. ಆದ್ದರಿಂದ ಒಂದೇ ಬಗೆಯ ಪರಿಹಾರ ಮರುಕಳಿಸಬಹುದು. ಆದರೆ ಮರುಕಳಿಸುವ ಪರಿಹಾರ ಬೇರೆ, ಮೊದಲೇ ನಿಶ್ಚಯಿಸಿದ ಗುರಿ ಬೇರೆ. ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಪ್ರಯೋಗ ಈ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಒಂದೇ ಮೂಲದ ಇ. ಕೋಲೈ ಬ್ಯಾಕ್ಟೀರಿಯಾಗಳನ್ನು 12 ಫ್ಲಾಸ್ಕುಗಳಲ್ಲಿ ಬೇರೆಬೇರೆಯಾಗಿ ಬೆಳೆಸಲಾಯಿತು. ಹನ್ನೆರಡರಲ್ಲೂ ಬ್ಯಾಕ್ಟೀರಿಯಾಗಳು ಮೂಲ ತಳಿಗಿಂತ ವೇಗವಾಗಿ ಬೆಳೆಯತೊಡಗಿದವು. ಆದರೆ ಆಮ್ಲಜನಕವಿರುವಾಗಲೂ ಸಿಟ್ರೇಟ್ ಎಂಬ ರಾಸಾಯನಿಕವನ್ನು ಆಹಾರವಾಗಿ ಬಳಸುವ ಸಾಮರ್ಥ್ಯ, ಸುಮಾರು 31,500 ತಲೆಮಾರುಗಳ ಹೊತ್ತಿಗೆ, ಒಂದೇ ಒಂದು ಫ್ಲಾಸ್ಕಿನಲ್ಲಿ ಕಾಣಿಸಿಕೊಂಡಿತು. ಅದಕ್ಕೂ ಮೊದಲೇ ಆ ಸಮೂಹದಲ್ಲಿ ಬೇರೆ ಕೆಲವು ಬದಲಾವಣೆಗಳು ಆಗಿದ್ದದ್ದು ಅದಕ್ಕೆ ದಾರಿ ಮಾಡಿತ್ತು. ಅನ್ಯಗ್ರಹದ ಜೀವಿಗಳಿಗೆ ಎರಡು ಕೈ, ಎರಡು ಕಾಲು, ಮನುಷ್ಯಮುಖ ಕೊಡುವವರು ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳಬೇಕು. ಬೆಳಕಿರುವ ಗ್ರಹದಲ್ಲಿ ಕಣ್ಣಿನಂಥದ್ದು ಹುಟ್ಟೀತು ಎನ್ನಬಹುದು. ಹುಬ್ಬು ಹುಟ್ಟಲು ಕಾರಣವಿಲ್ಲ.

ಹೊಸ ಲಕ್ಷಣಕ್ಕೆ ಬೆಲೆಯನ್ನೂ ಕಟ್ಟಿ. ಕೇರಳದ ಜಂಬಿಟ್ಟಿಗೆ ನೆಲದ ಅಂತರ್ಜಲದಲ್ಲಿ ಬದುಕುವ, ಕೆಲವೊಮ್ಮೆ ಬಾವಿಗಳಲ್ಲಿ ಸಿಗುವ ಹೊರಾಗ್ಲಾನಿಸ್ ಎಂಬ ಪುಟ್ಟ ಮೀನಿಗೆ ಕಣ್ಣಿಲ್ಲ. ಇದನ್ನು ‘ಹಿಮ್ಮುಖ ವಿಕಾಸ’ ಎಂದು ಬರೆಯುವುದು ತಪ್ಪು. ಕತ್ತಲಲ್ಲಿ ಕಣ್ಣನ್ನು ಕೆಡಿಸುವ ಮ್ಯುಟೇಶನ್‌ಗಳಿಂದ (ಜೀನ್ ಬದಲಾವಣೆಗಳಿಂದ) ನಷ್ಟವಿಲ್ಲ, ಕಣ್ಣನ್ನು ಸಾಕುವ ಖರ್ಚೂ ಉಳಿಯುತ್ತದೆ. ಕುಡಗೋಲು ಕಣ ರೋಗ (ಸಿಕಲ್ ಸೆಲ್) ಎಂಬ ರಕ್ತದ ಕಾಯಿಲೆಗೆ ಕಾರಣವಾಗುವ ಜೀನ್ ಇನ್ನೂ ಚೆನ್ನಾದ ಉದಾಹರಣೆ. ನೀಲಗಿರಿ ಮತ್ತು ವಯನಾಡಿನ ಕಾಡುವಾಸಿ ಸಮುದಾಯಗಳಲ್ಲೂ ಕಂಡುಬರುವ ಈ ಜೀನಿನ ಒಂದು ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ, ಎರಡು ಪ್ರತಿ ಇದ್ದವರಿಗೆ ನೋವಿನ ಕಾಯಿಲೆ ಬರುತ್ತದೆ. ಸೊಳ್ಳೆಯಿಲ್ಲದ ಊರಿನಲ್ಲಿ ಅದರಿಂದ ಬರುವ ಲಾಭವೇ ಇಲ್ಲ. ನಿಮ್ಮ ಭವಿಷ್ಯದ ಮನುಷ್ಯರಿಗೆ ಯಾವುದಾದರೂ ಶಕ್ತಿ ಕೊಡುವಾಗ, ಅದಕ್ಕಾಗಿ ಯಾರು ಏನನ್ನು ಅನುಭವಿಸಬೇಕಾಯಿತು ಎಂದು ಕೇಳಿಕೊಂಡರೆ ಕಥೆಗೆ ಬೇಕಾದ ಸಂಘರ್ಷ ಅಲ್ಲಿಯೇ ಸಿಗುತ್ತದೆ.

ಕಾಲದ ಲೆಕ್ಕವನ್ನು ವರ್ಷಗಳಲ್ಲಿ ಮಾಡದೆ ತಲೆಮಾರುಗಳಲ್ಲಿ ಮಾಡಿ. ವಿಕಿರಣ ತಾಗಿದ ಒಬ್ಬನೇ ವ್ಯಕ್ತಿ ರಾತ್ರೋರಾತ್ರಿ ‘ವಿಕಾಸ’ಗೊಳ್ಳುವುದಿಲ್ಲ, ಬದಲಾಗುವುದು ಸಮೂಹ. ಮನುಷ್ಯರ ಒಂದು ತಲೆಮಾರಿಗೆ 25 ವರ್ಷ ಎಂದಿಟ್ಟುಕೊಂಡರೆ ಲೆನ್ಸ್ಕಿಯ 31,500 ತಲೆಮಾರುಗಳಿಗೆ ಸುಮಾರು 7,87,500 ವರ್ಷ ಬೇಕು. ಹಾಗೆಂದು ಎಲ್ಲ ಬದಲಾವಣೆಗಳೂ ಅಷ್ಟು ನಿಧಾನವಲ್ಲ. ದೊಡ್ಡವರಾದ ಮೇಲೂ ಹಾಲನ್ನು ಅರಗಿಸಿಕೊಳ್ಳಲು ನೆರವಾಗುವ ಜೀನ್ ಬದಲಾವಣೆ, ಹಸು ಸಾಕಿದ ಜನರಲ್ಲಿ, ಕಳೆದ ಹತ್ತು ಸಾವಿರ ವರ್ಷಗಳೊಳಗೇ ಹರಡಿದೆ.

ಇನ್ನು ಕಥೆಯ ಹಂದರ. ಕುಣಿಯುವ ಕಪ್ಪೆಗಳನ್ನೇ ತೆಗೆದುಕೊಳ್ಳಿ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಪುಟ್ಟ ಕಪ್ಪೆಗಳ ಗಂಡುಗಳು ತೊರೆಯ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಆಡಿಸಿ ಸಂಕೇತ ಕೊಡುತ್ತವೆ. ಎರಡು ದೇವರಕಾಡುಗಳನ್ನು ಕಲ್ಪಿಸಿಕೊಳ್ಳಿ. ಒಂದರ ತೊರೆ ವರ್ಷವಿಡೀ ಭೋರ್ಗರೆಯುತ್ತದೆ. ಇನ್ನೊಂದರದ್ದು ಮೇಲಿನ ತೋಟಗಳ ಕೆರೆಗಳಿಗೆ ನೀರು ಹೋಗಿ ಸದ್ದಿಲ್ಲದೆ ಹರಿಯುತ್ತದೆ. ನಡುವೆ ತೋಟ, ರಸ್ತೆ, ಮನೆಗಳು ಬಂದು ಕಪ್ಪೆಗಳ ಓಡಾಟ ನಿಂತಿದೆ. ದನಿ ಕೇಳಿಸದಷ್ಟು ಸದ್ದಿರುವ ತೊರೆಯಲ್ಲಿ ಕಾಲಾಟ ಎದ್ದುಕಾಣುವ ಗಂಡುಗಳ ಸಂತತಿ ಹೆಚ್ಚಬಹುದು. ಸದ್ದಿಲ್ಲದ ತೊರೆಯಲ್ಲಿ ಕಾಲಾಡಿಸುವವು ಹಕ್ಕಿಗಳ ಕಣ್ಣಿಗೆ ಬಿದ್ದು, ದನಿಯಿಂದಲೇ ಕರೆಯುವವು ಉಳಿಯಬಹುದು. ಐದು ಸಾವಿರ ತಲೆಮಾರುಗಳ ನಂತರ ಒಬ್ಬ ಸಂಶೋಧಕಿ ಎರಡನ್ನೂ ಒಂದೆಡೆ ಬಿಟ್ಟಾಗ ಒಂದರ ಹೆಣ್ಣು ಇನ್ನೊಂದರ ಗಂಡನ್ನು ಗುರುತಿಸುವುದೇ ಇಲ್ಲ. ಯಾವುದು ಮುಂದುವರಿದ ಕಪ್ಪೆ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಆಕಸ್ಮಿಕಕ್ಕೂ ಜಾಗ ಇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಜರಿದ ಮಣ್ಣು ಯಾವ ಕಪ್ಪೆ ಚೆನ್ನಾಗಿ ಕುಣಿಯುತ್ತದೆ ಎಂದು ನೋಡುವುದಿಲ್ಲ, ಮತ್ತು ಉಳಿದ ಕೆಲವೇ ಕಪ್ಪೆಗಳಲ್ಲಿ ಏನಿತ್ತೋ ಅದೇ ಮುಂದಿನ ಸಮೂಹದ ಬಂಡವಾಳವಾಗುತ್ತದೆ.

ಕರಡು ಮುಗಿದ ಮೇಲೆ ವಾಕ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ, ಏಕೆಂದರೆ ಗುರಿ ನುಸುಳುವುದು ಹೆಚ್ಚಾಗಿ ವಾಕ್ಯದ ಕಟ್ಟಿನಲ್ಲಿ. ‘ಶತ್ರುಗಳಿಂದ ತಪ್ಪಿಸಿಕೊಳ್ಳಲು ಓತಿಗಳು ರೆಕ್ಕೆ ಬೆಳೆಸಿಕೊಂಡವು’ ಎಂದು ಬರೆದಿದ್ದರೆ, ‘ಪಕ್ಕೆಲುಬು ತುಸು ಉದ್ದವಿದ್ದ ಓತಿಗಳು ಕೊಂಬೆಯಿಂದ ಜಿಗಿದು ಹೆಚ್ಚು ಸಲ ಪಾರಾದವು, ಅವುಗಳ ಮರಿಗಳಲ್ಲೂ ಆ ಉದ್ದ ಉಳಿಯಿತು’ ಎಂದು ತಿದ್ದಿ. ವಾಕ್ಯ ಬೆಳೆಯಿತು, ನಿಜ. ಆದರೆ ಮೊದಲನೆಯದರಲ್ಲಿ ಇಲ್ಲದಿದ್ದ ಸತ್ತವರೂ ಬದುಕಿದವರೂ ಈಗ ಅದರೊಳಗೆ ಬಂದಿದ್ದಾರೆ.

ಗುರಿಯನ್ನು ಧಾರಾಳವಾಗಿ ಬಳಸಬಹುದಾದ ಒಂದು ಜಾಗ ಇದೆ: ಅದು ಮನುಷ್ಯರು ಮಾಡುವ ಆಯ್ಕೆ. ಕಾಫಿಯ ಎಲೆ ತುಕ್ಕು ರೋಗ 1869ರಲ್ಲಿ ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ಕಾಣಿಸಿಕೊಂಡು ಅಲ್ಲಿನ ಕಾಫಿ ಬೆಳೆಯನ್ನೇ ನೆಲಕಚ್ಚಿಸಿತು, ನಮ್ಮ ಸೀಮೆಯನ್ನೂ ಬಿಡಲಿಲ್ಲ. ತುಕ್ಕನ್ನು ತಡೆಯುವುದೆಂದು ಆರಿಸಿದ ಕೆಂಟ್ಸ್ ತಳಿ ಕೆಲವು ಕಾಲ ತಡೆಯಿತು, ಆಮೇಲೆ ಶಿಲೀಂಧ್ರದ ಬೇರೊಂದು ಬಗೆಗೆ ಸೋತಿತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಕೆಂಟ್ಸ್ ಜೊತೆ ಇನ್ನೊಂದು ತಳಿಯನ್ನು ಅಡ್ಡಹಾಯಿಸಿ ಎಸ್.795 ಎಂಬ ತಳಿ ತಂದರು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಂಥ ಜಾಗದಲ್ಲಿ ನಡೆಯುವ ಭವಿಷ್ಯದ ಕಥೆಯೊಂದನ್ನು ನೀವು ಬರೆಯುತ್ತೀರಾದರೆ, ತಳಿವಿಜ್ಞಾನಿಗೆ ಗುರಿ, ಹಟ, ಗಡುವು, ಕನಸು ಎಲ್ಲವನ್ನೂ ಕೊಡಿ. ‘ಶಿಲೀಂಧ್ರ ನಮ್ಮನ್ನು ಸೋಲಿಸಲು ಹೊಂಚುಹಾಕುತ್ತಿದೆ’ ಎಂದು ಬೆಳೆಗಾರನೊಬ್ಬ ಹೇಳುವುದಕ್ಕೂ ಅಡ್ಡಿಯಿಲ್ಲ, ಹಾಗೆ ಅನ್ನಿಸುವುದು ಸಹಜ. ಆದರೆ ನಿರೂಪಕ ತುಕ್ಕಿನ ಕುರಿತು ಬರೆಯುವಾಗ ಕೋಟ್ಯಂತರ ಬೀಜಕಣಗಳು ಗಾಳಿಗೆ ಹಾರಿದವು, ಹೊಸ ಎಲೆಯ ಮೇಲೆ ಬಿದ್ದವುಗಳಲ್ಲಿ ಬಹುಪಾಲು ಒಣಗಿದವು, ತುಸು ಬೇರೆಯಾಗಿದ್ದ ಕೆಲವು ಎಲೆಯೊಳಗೆ ಇಳಿದವು ಎಂದಷ್ಟೇ ಬರೆಯಲಿ.