ಹುಲ್ಲು ಬೋಳಿಸಿದರೆ ಕೆಲಸ ಕಡಿಮೆಯಾಗದು: ಹುಲ್ಲುಹಾಸು, ಅಂಗಳದ ಆರೈಕೆ ಹೀಗಿರಲಿ

ಹುಲ್ಲು ಮೊಣಕಾಲೆತ್ತರ ಬೆಳೆಯುವವರೆಗೂ ಬಿಟ್ಟು, ಒಂದು ರಜಾದಿನ ಬಿಡುವು ಮಾಡಿಕೊಂಡು, ಯಂತ್ರವನ್ನು ತೀರಾ ತಗ್ಗಿಗೆ ಇಳಿಸಿ ನೆಲ ಕಾಣುವಂತೆ ಬೋಳಿಸಿಬಿಡುವುದು ಬಹಳ ಮನೆಗಳಲ್ಲಿ ನಡೆಯುವ ಕ್ರಮ. ಇನ್ನೊಂದು ತಿಂಗಳು ಈ ಕಡೆ ತಿರುಗಿ ನೋಡಬೇಕಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿರುತ್ತದೆ. ಹುಲ್ಲುಹಾಸು ಕೆಡಲು ಶುರುವಾಗುವುದು ಬಹುಪಾಲು ಅಲ್ಲಿಂದಲೇ. ಬೋಳಾದ ಜಾಗದಲ್ಲಿ ಬಿಸಿಲು ನೇರವಾಗಿ ಮಣ್ಣಿಗೆ ಬಿದ್ದು ತೇವ ಆರುತ್ತದೆ. ಹುಲ್ಲು ಚೇತರಿಸಿಕೊಳ್ಳುವ ಮೊದಲೇ ಕಳೆಯ ಬೀಜಗಳು ಮೊಳೆಯುತ್ತವೆ. ಆಮೇಲೆ ನೀರು ಹೆಚ್ಚು, ಕಳೆ ಕೀಳುವ ಕೆಲಸ ಹೆಚ್ಚು, ಗೊಬ್ಬರವೂ ಹೆಚ್ಚು. ಉಳಿಸಿದ ಶ್ರಮಕ್ಕಿಂತ ಮೈಮೇಲೆ ಬಂದ ಶ್ರಮವೇ ದೊಡ್ಡದು.

ಕಾರಣ ಹುಲ್ಲು ಬೆಳೆಯುವ ರೀತಿಯಲ್ಲೇ ಇದೆ. ಹುಲ್ಲಿನ ಬೆಳವಣಿಗೆ ತುದಿಯಿಂದ ನಡೆಯುವುದಿಲ್ಲ, ನೆಲಕ್ಕೆ ಅಂಟಿಕೊಂಡಿರುವ ಬುಡದಿಂದ ನಡೆಯುತ್ತದೆ. ದನ ಮೇಯ್ದು ಹೋದ ಮೇಲೂ ಅದು ಮತ್ತೆ ಚಿಗುರುವುದು ಇದರಿಂದಲೇ. ನೆಟ್ಟಗೆ ಬೆಳೆಯುವ ಎಷ್ಟೋ ಕಳೆಗಿಡಗಳ ಕುಡಿ ತುದಿಯಲ್ಲಿರುತ್ತದೆ. ಹಾಗಾಗಿ ಹದವಾದ ಎತ್ತರದಲ್ಲಿ ಪದೇ ಪದೇ ಕತ್ತರಿಸುತ್ತಿದ್ದರೆ ಹುಲ್ಲು ದಟ್ಟವಾಗುತ್ತದೆ, ಕಳೆ ಸೋಲುತ್ತದೆ. ಆದರೆ ಬೇರಿಗೆ ಆಹಾರ ಒದಗಿಸುವುದು ಎಲೆ. ಒಂದೇ ಸಲಕ್ಕೆ ಅರ್ಧಕ್ಕಿಂತ ಹೆಚ್ಚು ಎಲೆ ತೆಗೆದರೆ ಬೇರಿನ ಬೆಳವಣಿಗೆ ಕೆಲವು ದಿನ ನಿಂತೇಹೋಗುತ್ತದೆ. ಸದಾ ಗಿಡ್ಡವಾಗಿಟ್ಟ ಹುಲ್ಲಿನ ಬೇರು ಮೇಲುಮೇಲಕ್ಕೇ ಉಳಿಯುತ್ತದೆ, ನಾಲ್ಕು ದಿನ ನೀರಿಲ್ಲದಿದ್ದರೆ ಬಾಡುತ್ತದೆ.

ಹೆಜ್ಜೆ 1: ನಿಮ್ಮ ಹುಲ್ಲಿನ ಎತ್ತರ ಗೊತ್ತುಮಾಡಿಕೊಳ್ಳಿ

ಎಲ್ಲ ಹುಲ್ಲಿಗೂ ಒಂದೇ ಅಳತೆ ಸಲ್ಲದು. ನೆಲದ ಮೇಲೆ ಹಬ್ಬುವ ಗರಿಕೆ ಜಾತಿಗೆ 2.5ರಿಂದ 5 ಸೆಂಟಿಮೀಟರ್ ಸಾಕು. ಕೊರಿಯನ್ ಗ್ರಾಸ್ ಎಂದೂ ಕರೆಯುವ ಜೋಯ್ಸಿಯಾಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಗಲ ಎಲೆಯ ಸೇಂಟ್ ಅಗಸ್ಟೀನ್ ಹುಲ್ಲನ್ನು ಮತ್ತು ತಂಪು ಪ್ರದೇಶಗಳಲ್ಲಿ ಬೆಳೆಸುವ ಟಾಲ್ ಫೆಸ್ಕ್ಯುವನ್ನು 7ರಿಂದ 10 ಸೆಂಟಿಮೀಟರ್ ಎತ್ತರದಲ್ಲಿ ಬಿಡಬೇಕು. ಯಾವ ಜಾತಿ ಎಂದು ತಿಳಿಯದಿದ್ದರೆ ಎಲೆ ನೋಡಿ. ಸಣ್ಣ ಎಲೆಯಿದ್ದು ನೆಲಕ್ಕಂಟಿ ಹಬ್ಬುತ್ತಿದ್ದರೆ ತಗ್ಗು, ಅಗಲ ಎಲೆಯಿದ್ದರೆ ಅಥವಾ ಗುಂಪುಗುಂಪಾಗಿ ಎದ್ದು ನಿಂತಿದ್ದರೆ ಎತ್ತರ. ಅನುಮಾನವಿದ್ದರೆ ಎತ್ತರವೇ ಲೇಸು. ನೆರಳಿನಲ್ಲಿ ಬೆಳೆದ ಹುಲ್ಲಿಗೆ, ಬಿರುಬೇಸಿಗೆಯಲ್ಲಿ ಎಲ್ಲ ಹುಲ್ಲಿಗೂ ಇನ್ನೊಂದು ಸೆಂಟಿಮೀಟರ್ ಹೆಚ್ಚೇ ಬಿಡಿ.

ಯಂತ್ರದ ಮೇಲೆ ಬರೆದಿರುವ 1, 2, 3 ಎಂಬ ಸಂಖ್ಯೆಗಳು ಸೆಂಟಿಮೀಟರ್‌ಗಳಲ್ಲ. ಯಂತ್ರ ಆರಿಸಿ, ಪ್ಲಗ್ ಕಳಚಿ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ನೆಲದಿಂದ ಬ್ಲೇಡಿನ ಅಲಗಿನವರೆಗೆ ಸ್ಕೇಲ್ ಹಿಡಿದು ಅಳೆಯಿರಿ. ಪ್ರತಿ ಸಂಖ್ಯೆಗೂ ಎಷ್ಟು ಎತ್ತರ ಬರುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದು ಯಂತ್ರದ ಹಿಡಿಕೆಗೇ ಅಂಟಿಸಿಬಿಟ್ಟರೆ ಮತ್ತೆ ಆ ಯೋಚನೆ ಇಲ್ಲ.

ಹೆಜ್ಜೆ 2: ವಾರ ನೋಡಬೇಡಿ, ಹುಲ್ಲು ನೋಡಿ

ಒಮ್ಮೆಗೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹುಲ್ಲುಹಾಸಿನ ಆರೈಕೆಯಲ್ಲಿ ಒಂದೇ ಒಂದು ನಿಯಮ ಪಾಲಿಸುತ್ತೇನೆ ಎನ್ನುವವರು ಇದನ್ನೇ ಪಾಲಿಸಲಿ. ಲೆಕ್ಕ ಸುಲಭ: ಬೇಕಾದ ಎತ್ತರಕ್ಕೆ ಅದರ ಅರ್ಧ ಸೇರಿಸಿದರೆ ಕತ್ತರಿಸಬೇಕಾದ ಹೊತ್ತು ತಿಳಿಯುತ್ತದೆ. 5 ಸೆಂಟಿಮೀಟರ್ ಉಳಿಯಬೇಕಿದ್ದರೆ 7.5 ತಲುಪಿದಾಗ, 8 ಉಳಿಯಬೇಕಿದ್ದರೆ 12 ತಲುಪಿದಾಗ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿ. 3 ಸೆಂಟಿಮೀಟರ್‌ಗೆ ಕತ್ತರಿಸುವವರು ಒಂದೂವರೆ ಸೆಂಟಿಮೀಟರ್ ಬೆಳೆಯುವಷ್ಟರಲ್ಲಿ ಮತ್ತೆ ಯಂತ್ರ ಹೊರತೆಗೆಯಬೇಕು. 8ಕ್ಕೆ ಕತ್ತರಿಸುವವರಿಗೆ 4 ಸೆಂಟಿಮೀಟರ್ ಬೆಳೆಯುವವರೆಗೆ ಬಿಡುವು. ಎತ್ತರವಾಗಿ ಬೆಳೆಸಬಹುದಾದ ಹುಲ್ಲನ್ನು ಎತ್ತರದಲ್ಲೇ ಇಟ್ಟುಕೊಂಡವರಿಗೆ ಸುತ್ತು ಕಡಿಮೆ. ಮಳೆ ಮತ್ತು ಬಿಸಿಲು ಎರಡೂ ಸಿಗುವ ದಿನಗಳಲ್ಲಿ ವಾರಕ್ಕೆ ಎರಡು ಸಲ ಬೇಕಾಗಬಹುದು. ಚಳಿ ಅಥವಾ ಬರದ ದಿನಗಳಲ್ಲಿ ಹುಲ್ಲು ಬೆಳೆಯುವುದನ್ನೇ ನಿಲ್ಲಿಸಿದಾಗ ಯಂತ್ರ ಮುಟ್ಟುವುದೇ ತಪ್ಪು.

ಹೆಜ್ಜೆ 3: ಅಲಗು ಹರಿತವಿರಲಿ

ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಎಳೆಗಳನ್ನು ಸಮನಾಗಿ ಕತ್ತರಿಸುವ ಯಂತ್ರದಿಂದ ಅವರಿಗೆ ಈ ಯೋಚನೆ ಬಂತೆನ್ನುತ್ತಾರೆ. ಕೈಯಲ್ಲಿ ತಳ್ಳುವ ಸಿಲಿಂಡರ್ ಯಂತ್ರ ಇಂದಿಗೂ ಅದೇ ತತ್ವದಲ್ಲಿ, ಎರಡು ಅಲಗುಗಳ ನಡುವೆ ಹುಲ್ಲನ್ನು ಸಿಕ್ಕಿಸಿ ಕತ್ತರಿಯಂತೆ ಕತ್ತರಿಸುತ್ತದೆ. ಸಣ್ಣ, ಸಮತಟ್ಟಾದ ಹುಲ್ಲುಹಾಸಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸದ್ದಿಲ್ಲ, ಹೊಗೆಯಿಲ್ಲ. ಮೋಟಾರಿನ ರೋಟರಿ ಯಂತ್ರದ್ದು ಬೇರೆ ಬಗೆ: ಒಂದೇ ಬ್ಲೇಡು ಭಾರೀ ವೇಗದಲ್ಲಿ ತಿರುಗಿ ಹುಲ್ಲನ್ನು ಹೊಡೆದು ತುಂಡರಿಸುತ್ತದೆ. ಅಲಗು ಮೊಂಡಾದರೆ ಕತ್ತರಿಸುವ ಬದಲು ಹರಿಯುತ್ತದೆ. ಕತ್ತರಿಸಿದ ಮಾರನೆಯ ದಿನ ಬಗ್ಗಿ ಎಲೆಯ ತುದಿ ನೋಡಿ. ನೇರವಾಗಿ, ಹಸಿರಾಗಿದ್ದರೆ ಸರಿ. ನಾರುನಾರಾಗಿ ಸೀಳಿ ಬಿಳಿಚಿಕೊಂಡಿದ್ದರೆ ಅಲಗು ಮಸೆಯುವ ಕಾಲ ಬಂದಿದೆ. ಸುಮಾರು 20–25 ಗಂಟೆ ಓಡಿದ ಮೇಲೆ ಮಸೆಯುವುದು ಒಳ್ಳೆಯ ರೂಢಿ.

ಮಸೆಯುವ ಮೊದಲು ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿ, ವಿದ್ಯುತ್ತಿನದಾದರೆ ಪ್ಲಗ್ ಕಿತ್ತು, ಬ್ಯಾಟರಿಯದಾದರೆ ಬ್ಯಾಟರಿ ಹೊರತೆಗೆಯಿರಿ. ಪೆಟ್ರೋಲ್ ಯಂತ್ರವನ್ನು ವಾಲಿಸುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಲಿ, ಇಲ್ಲದಿದ್ದರೆ ಆಯಿಲ್ ಅದರೊಳಗೆ ಇಳಿಯುತ್ತದೆ. ದಪ್ಪ ಕೈಗವಸು ಹಾಕಿ ಬ್ಲೇಡ್ ಬಿಚ್ಚಿ, ಮೊದಲಿದ್ದ ಇಳಿಜಾರಿನಲ್ಲೇ ಅರ ಆಡಿಸಿ. ಎರಡೂ ಕಡೆ ಒಂದೇ ಸಮ ಮಸೆಯಬೇಕು. ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ, ಒಂದು ಕಡೆ ವಾಲಿದರೆ ಆ ಕಡೆ ಇನ್ನಷ್ಟು ಮಸೆಯಿರಿ. ತೂಕ ಸಮವಿಲ್ಲದ ಬ್ಲೇಡು ಯಂತ್ರವನ್ನು ನಡುಗಿಸಿ ಬೇರಿಂಗ್ ಕೆಡಿಸುತ್ತದೆ.

ಹೆಜ್ಜೆ 4: ಕತ್ತರಿಸುವ ದಿನ

ಮೊದಲು ಯಂತ್ರವಿಲ್ಲದೆ ಇಡೀ ಅಂಗಳ ಒಂದು ಸುತ್ತು ಬನ್ನಿ. ಕಲ್ಲು, ಮೂಳೆ, ತಂತಿಯ ಚೂರು, ಮಕ್ಕಳ ಆಟಿಕೆ, ನೀರಿನ ಪೈಪು ಎಲ್ಲವನ್ನೂ ಆರಿಸಿ. ಈ ಸುತ್ತನ್ನು ಯಾವತ್ತೂ ತಪ್ಪಿಸಬೇಡಿ. ಬ್ಲೇಡಿಗೆ ಸಿಕ್ಕ ಕಲ್ಲು ಸಿಡಿದು ಬಂದು ಕಣ್ಣು ಕಳೆಯಬಲ್ಲದು. ಮಕ್ಕಳು, ನಾಯಿ, ಬೆಕ್ಕು ಅಂಗಳದಲ್ಲಿ ಇರಲೇಬಾರದು, ಮನೆಯೊಳಗಿರಲಿ. ನಿಮ್ಮ ಕಾಲಿಗೆ ಮುಚ್ಚಿದ ಗಟ್ಟಿ ಶೂ, ಉದ್ದ ಪ್ಯಾಂಟು, ಕಣ್ಣಿಗೆ ಕನ್ನಡಕ. ಚಪ್ಪಲಿ ಹಾಕಿಕೊಂಡು ಯಂತ್ರ ಹಿಡಿಯಬೇಡಿ. ಬ್ಲೇಡಿನಲ್ಲಿ ಹುಲ್ಲು ಸಿಕ್ಕಿಕೊಂಡರೆ ಯಂತ್ರ ಆರಿಸಿ, ಪ್ಲಗ್ ಕಳಚುವವರೆಗೆ ಕೈ ಅತ್ತ ಹೋಗಬಾರದು. ಪೆಟ್ರೋಲ್ ತುಂಬುವುದು ಎಂಜಿನ್ ತಣ್ಣಗಾದ ಮೇಲೆಯೇ.

ಒದ್ದೆ ಹುಲ್ಲು ಉಂಡೆಗಟ್ಟುತ್ತದೆ, ಕಾಲೂ ಜಾರುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಶುರುಮಾಡಿ. ಗೋಡೆ, ಕಂಬ, ಪಾತಿಗಳ ಅಂಚನ್ನು ಮೊದಲೇ ಮುಗಿಸಿದರೆ ಅಲ್ಲಿ ಬಿದ್ದ ಚೂರುಗಳನ್ನು ಯಂತ್ರ ಪುಡಿಮಾಡುತ್ತದೆ, ಗುಡಿಸುವ ಕೆಲಸ ತಪ್ಪುತ್ತದೆ. ಮರದ ಬುಡಕ್ಕೆ ಮಾತ್ರ ದಾರ ತಿರುಗುವ ಟ್ರಿಮ್ಮರ್ ತಾಗಿಸಬೇಡಿ. ನೀರು ಆಹಾರ ಸಾಗುವ ಪದರಗಳು ತೊಗಟೆಯ ಕೆಳಗೇ ಇರುವುದರಿಂದ ಪದೇ ಪದೇ ಏಟು ಬಿದ್ದ ಎಳೆಮರ ನಿಧಾನವಾಗಿ ಸಾಯುತ್ತದೆ. ಅಲ್ಲಿ ಹುಲ್ಲು ತೆಗೆದು ವೃತ್ತಾಕಾರವಾಗಿ ಒಣಎಲೆ ಅಥವಾ ಮರದ ಚಕ್ಕೆ ಹರಡುವುದೇ ಮೇಲು.

ಸಾಲು ಹಿಡಿದು ನಡೆಯುವಾಗ ಹಿಂದಿನ ಸಾಲಿನ ಮೇಲೆ ನಾಲ್ಕು ಬೆರಳಿನಷ್ಟು ಚಕ್ರ ಹಾಯಲಿ. ಈ ಸಲ ಉದ್ದಕ್ಕೆ ಹೋದರೆ ಮುಂದಿನ ಸಲ ಅಡ್ಡಕ್ಕೆ, ಆಗ ಹುಲ್ಲು ಒಂದೇ ಕಡೆ ಮಲಗುವುದಿಲ್ಲ. ಇಳಿಜಾರಿನಲ್ಲಿ ತಳ್ಳುವ ಯಂತ್ರವನ್ನು ಅಡ್ಡಡ್ಡಲಾಗಿ ನಡೆಸಿ, ಮೇಲೆ ಕೆಳಗೆ ಬೇಡ. ಯಂತ್ರವನ್ನು ನಿಮ್ಮ ಕಡೆಗೆ ಎಳೆದುಕೊಳ್ಳಲೂ ಬೇಡಿ.

ಕತ್ತರಿಸಿದ ಚೂರುಗಳನ್ನು ಚೀಲಕ್ಕೆ ತುಂಬಿ ಹೊರಗೆ ಹಾಕುವುದು ಗೊಬ್ಬರವನ್ನೇ ಎಸೆದಂತೆ. ಸಣ್ಣ ಚೂರುಗಳು ಹುಲ್ಲಿನ ನಡುವೆ ಇಳಿದು ಬೇಗ ಕೊಳೆಯುತ್ತವೆ. ಹುಲ್ಲುಹಾಸಿಗೆ ಬೇಕಾದ ಸಾರಜನಕದಲ್ಲಿ ಕಾಲು ಭಾಗದವರೆಗೆ ಇದರಿಂದಲೇ ಸಿಗುತ್ತದೆ. ಚೂರುಗಳಿಂದ ಬುಡದಲ್ಲಿ ಒಣ ಪದರ ಕಟ್ಟುತ್ತದೆ ಎಂಬ ಮಾತು ಸರಿಯಲ್ಲ. ಅದು ಕಟ್ಟುವುದು ಮುಖ್ಯವಾಗಿ ಕೊಳೆಯಲು ತಡಮಾಡುವ ಬಳ್ಳಿಕಾಂಡ ಮತ್ತು ಬೇರುಗಳಿಂದ. ಚೂರುಗಳು ರಾಶಿಯಾಗಿ ಬಿದ್ದಿದ್ದರೆ ಮಾತ್ರ ಕೆದರಿ ಹರಡಿ.

ಕೈಮೀರಿ ಬೆಳೆದುಬಿಟ್ಟಿದ್ದರೆ

ಪ್ರವಾಸವೋ ಕಾಯಿಲೆಯೋ ಮಳೆಯೋ, ಹುಲ್ಲು ಕೈಮೀರುವುದು ಎಲ್ಲರಿಗೂ ಆಗುವ ಸಂಗತಿ. ಆಗಲೂ ಮೂರನೇ ಒಂದು ಭಾಗದ ನಿಯಮವೇ ದಾರಿ. 15 ಸೆಂಟಿಮೀಟರ್ ಬೆಳೆದಿದ್ದರೆ ಮೊದಲ ದಿನ 10ಕ್ಕೆ ಇಳಿಸಿ. ಮೂರು ನಾಲ್ಕು ದಿನ ಬಿಟ್ಟು 7ಕ್ಕೆ, ಮತ್ತೆ ಅಷ್ಟೇ ದಿನ ಬಿಟ್ಟು 5ಕ್ಕೆ. ಮೊದಲ ಸಲದ ಚೂರು ಉದ್ದವಿರುವುದರಿಂದ ಅದನ್ನು ಒಟ್ಟುಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಬರೀ ಹಸಿಹುಲ್ಲು ಹಾಕಿದರೆ ಗಾಳಿಯಾಡದೆ ನಾರುತ್ತದೆ. ಒಂದು ಪದರ ಹಸಿಹುಲ್ಲು, ಅದಕ್ಕಿಂತ ದಪ್ಪನೆಯ ಒಂದು ಪದರ ತರಗೆಲೆ ಹಾಕುತ್ತಾ ಹೋಗಿ. ಯಂತ್ರ ಹೋಗದಷ್ಟು ಬೆಳೆದಿದ್ದರೆ ಮೊದಲು ಕುಡುಗೋಲಿನಿಂದ ಮೇಲಿನ ಭಾಗ ಕೊಯ್ದುಕೊಳ್ಳಿ.

ನೀರು, ಮತ್ತು ಹುಲ್ಲು ಎಷ್ಟು ಬೇಕು ಎಂಬ ಪ್ರಶ್ನೆ

ಬೆಳೆಯುವ ಕಾಲದಲ್ಲಿ ಮಳೆಯೂ ಸೇರಿ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಸಾಕು. ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೆ ಒಂದೆರಡು ಸಲ, ಬೆಳಗಿನ ಜಾವ, ಬೇರಿನ ಆಳಕ್ಕೆ ಇಳಿಯುವಂತೆ ಕೊಡಿ. ಸ್ಪ್ರಿಂಕ್ಲರ್ ಇದ್ದರೆ ಅಲ್ಲಲ್ಲಿ ನೇರ ಅಂಚಿನ ಖಾಲಿ ಡಬ್ಬಿಗಳನ್ನಿಟ್ಟು ಎಷ್ಟು ಹೊತ್ತಿಗೆ ಎಷ್ಟು ನೀರು ನಿಂತಿತು ಎಂದು ಅಳೆಯಬಹುದು.

ಈ 25 ಮಿಲಿಮೀಟರ್ ಎಂದರೆ ಚದರ ಮೀಟರಿಗೆ 25 ಲೀಟರ್. ಉದ್ದಗಲ 10 ಮೀಟರ್ ಇರುವ ಹುಲ್ಲುಹಾಸಿಗೆ ವಾರಕ್ಕೆ 2,500 ಲೀಟರ್. ಈ ಲೆಕ್ಕ ಒಮ್ಮೆ ಹಾಕಿದವರು ಹುಲ್ಲು ಎಷ್ಟು ಜಾಗದಲ್ಲಿ ಬೇಕು ಎಂದು ಯೋಚಿಸಲೇಬೇಕು. ಮಕ್ಕಳು ಆಡುವ, ಕೂರುವ, ನಡೆಯುವ ಜಾಗದಲ್ಲಿ ಹುಲ್ಲಿರಲಿ. ಯಾರೂ ಕಾಲಿಡದ ಮೂಲೆ, ಮರದ ದಟ್ಟ ನೆರಳು, ಯಂತ್ರ ತಿರುಗದ ಇಕ್ಕಟ್ಟು, ಕಡಿದಾದ ಇಳಿಜಾರು, ಇವನ್ನು ಹುಲ್ಲಿನಿಂದ ಬಿಡಿಸಿ ಪೊದೆಗಿಡ, ನೆಲಹಬ್ಬುವ ಗಿಡಗಳಿಗೆ ಕೊಡಿ. ಅಂಗಳದ ಕೆಲಸ ನಿಜವಾಗಿ ಇಳಿಯುವುದು ಇದೊಂದರಿಂದ.

ಉಳಿದ ಅಂಗಳ

ಪಾತಿಗಳಿಗೆ 5ರಿಂದ 8 ಸೆಂಟಿಮೀಟರ್ ದಪ್ಪ ಹೊದಿಕೆ ಹಾಕಿದರೆ ಬೆಳಕು ಸಿಗದೆ ಕಳೆಬೀಜ ಮೊಳೆಯುವುದು ತಗ್ಗುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಕಳೆಯನ್ನು ಹೂ ಬಿಡುವ ಮೊದಲೇ, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಕೀಳಿ. ದಿನಕ್ಕೆ ಹತ್ತು ನಿಮಿಷ ಸಾಕು. ಕೊನ್ನಾರಿ ಗಡ್ಡೆ ಮಾತ್ರ ಹಟಮಾರಿ. ಮೇಲಿನ ಎಲೆ ಕಿತ್ತರೂ ಮಣ್ಣಿನೊಳಗೆ ಸರಪಳಿಯಂತೆ ಉಳಿದ ಗಡ್ಡೆಗಳು ಮತ್ತೆ ಚಿಗುರುತ್ತವೆ. ಅದನ್ನು ಕುರ್ಪಿಯಿಂದ ಗಡ್ಡೆ ಸಮೇತ ಅಗೆದು ತೆಗೆಯಬೇಕು, ಹೊಸ ಚಿಗುರು ಕಂಡ ಕೂಡಲೇ ಮತ್ತೆ ತೆಗೆಯಬೇಕು. ಗೊಬ್ಬರದ ಗುಂಡಿಗೆ ಆ ಗಡ್ಡೆಗಳನ್ನು ಹಾಕಬೇಡಿ.

ತರಗೆಲೆ ತೆಳುವಾಗಿ ಬಿದ್ದಿದ್ದರೆ ಅದರ ಮೇಲೇ ಯಂತ್ರ ಓಡಿಸಿ, ಪುಡಿಯಾಗಿ ಹುಲ್ಲಿನೊಳಗೆ ಸೇರಿಹೋಗುತ್ತದೆ. ದಪ್ಪವಾಗಿ ಬಿದ್ದಿದ್ದರೆ ಬಾಚಿ ಪಾತಿಗಳ ಹೊದಿಕೆಗೆ ಬಳಸಿ. ಸುಡುವುದು ಬೇಡ.

ಕೆಲಸ ಮುಗಿದ ಮೇಲೆ ಪ್ಲಗ್ ಕಳಚಿ ಯಂತ್ರದ ಅಡಿಗೆ ಅಂಟಿದ ಹುಲ್ಲನ್ನು ಮರದ ಚೂರಿನಿಂದ ಕೆರೆದು ತೆಗೆಯಿರಿ, ಹಸಿಯಾಗಿ ಬಿಟ್ಟರೆ ತಗಡು ತುಕ್ಕು ಹಿಡಿಯುತ್ತದೆ. ಒಂದು ತಿಂಗಳಿಗಿಂತ ಹೆಚ್ಚು ಕಾಲ ಯಂತ್ರ ಬಳಸುವುದಿಲ್ಲ ಎಂದಾದರೆ ಟ್ಯಾಂಕ್‌ನಲ್ಲಿ ಪೆಟ್ರೋಲ್ ಉಳಿಸಬೇಡಿ. ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಉಳಿದಿರುವಷ್ಟು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಬಯಲಿನಲ್ಲಿ ಓಡಿಸಿ, ತಣ್ಣಗಾದ ಮೇಲೆ ಒಳಗಿಡಿ.