ದುಬೈಗೆ ಸಂಸಾರ ಸಾಗಿಸುವ ಮುನ್ನ ಒಂದು ಆಗಸ್ಟ್ ನೋಡಿ ಬನ್ನಿ

ಜನವರಿಯಲ್ಲಿ ಹೋಗಿ ಊರು ನೋಡುತ್ತಾರೆ. ಫೆಬ್ರವರಿಯಲ್ಲಿ ಕೆಲಸ ಒಪ್ಪಿಕೊಳ್ಳುತ್ತಾರೆ. ಜೂನ್‌ನಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಾರೆ. ಮೈಸೂರಿನ ನಮ್ಮ ಸರಸ್ವತಿಪುರಂನ ಎರಡು ಮನೆಗಳಲ್ಲಿ ಹೀಗೇ ಆಯಿತು. ಎರಡೂ ಮನೆಯ ತಾಯಿ ಮಕ್ಕಳು ಅಲ್ಲಿನ ಸೆಕೆ ತಾಳಲಾರದೆ ದಸರೆಗೆ ಮೊದಲೇ ವಾಪಸ್ ಬಂದರು. ಈಗ ಯಜಮಾನರು ಅಲ್ಲಿ, ಸಂಸಾರ ಇಲ್ಲಿ.

ನಾನು ಆರು ವರ್ಷ ದುಬೈಯಲ್ಲಿ ಸಂಸಾರ ಮಾಡಿದವಳು. ಆ ಊರಿನ ಮೇಲೆ ನನಗೆ ಪ್ರೀತಿಯೇ ಇದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅದರಷ್ಟು ಹಿತವಾದ ಊರು ಕಡಿಮೆ. ಆದರೆ ಆ ಐದು ತಿಂಗಳನ್ನು ನೋಡಿ ಹನ್ನೆರಡು ತಿಂಗಳ ಬದುಕನ್ನು ನಿರ್ಧರಿಸಬಾರದು.

ಮೊದಲು ಕಾಗದಪತ್ರ. ಪಾಸ್‌ಪೋರ್ಟ್‌ಗೆ ಆರು ತಿಂಗಳಿಗಿಂತ ಜಾಸ್ತಿ ಅವಧಿ ಇರಲಿ, ಡಿಗ್ರಿ ಮತ್ತು ಮದುವೆಯ ಸರ್ಟಿಫಿಕೇಟ್‌ಗೆ ಅಟೆಸ್ಟೇಶನ್ (ಅಸಲಿ ಅಂತ ಸರ್ಕಾರಿ ದೃಢೀಕರಣ) ಮಾಡಿಸಿಡಿ. ಅಷ್ಟೇ.

ಎರಡನೆಯದು ಆಫರ್ ಲೆಟರ್. ಒಟ್ಟು ಸಂಬಳ ನೋಡಿ ಹಿಗ್ಗಬೇಡಿ, ಮೂಲ ವೇತನ ಎಷ್ಟು ಅಂತ ನೋಡಿ. ಕೆಲಸ ಬಿಡುವಾಗ ಸಿಗುವ ಇಡುಗಂಟು, ಗ್ರಾಚುಟಿ, ಲೆಕ್ಕ ಹಾಕುವುದು ಅದರ ಮೇಲೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ. ಕೆಲಸ ಕೊಡಿಸಲು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ನೇಮಕಾತಿ ಖರ್ಚನ್ನು ಕಂಪನಿಯೇ ಹೊರಬೇಕು ಅನ್ನುತ್ತದೆ ಅಲ್ಲಿನ ಕಾನೂನು.

ಮೂರನೆಯದರಲ್ಲೇ ಎಲ್ಲರೂ ಎಡವುವುದು. ಆಗಸ್ಟ್‌ನಲ್ಲಿ ಹತ್ತು ದಿನ ಅಲ್ಲಿ ಇದ್ದು ನೋಡಬೇಕು. ಒಬ್ಬರೇ ಅಲ್ಲ, ದಿನವಿಡೀ ಮನೆಯಲ್ಲಿ ಇರಬೇಕಾದವರನ್ನೂ ಕರೆದುಕೊಂಡು.

ಯಾಕೆ ಆಗಸ್ಟ್? ನಮ್ಮ ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ. ಏಪ್ರಿಲ್‌ನಲ್ಲಿ 35 ಡಿಗ್ರಿ ಬಿಸಿಲಿದ್ದರೂ ಸಂಜೆಗೆ ಗಾಳಿ ಬೀಸುತ್ತದೆ, ರಾತ್ರಿ ಫ್ಯಾನ್ ಸಾಕು. ದುಬೈ ಇರುವುದು ಪರ್ಷಿಯನ್ ಕೊಲ್ಲಿಯ ದಡದಲ್ಲಿ. ಆ ಕೊಲ್ಲಿ ಆಳವಿಲ್ಲದ್ದು, ಬೇಸಿಗೆಯಲ್ಲಿ ನೀರೇ ಕಾದಿರುತ್ತದೆ. ಹಗಲು 40 ದಾಟುತ್ತದೆ, ರಾತ್ರಿ 30ಕ್ಕಿಂತ ಕೆಳಗೆ ಇಳಿಯುವುದೇ ಕಷ್ಟ. ಕಲಬುರಗಿಯ ಮೇ ಬಿಸಿಲಿಗೆ ಮಂಗಳೂರಿನ ಸೆಕೆ ಸೇರಿಸಿದ ಹಾಗೆ. ಮೈಯಿಂದ ಬೆವರು ಇಳಿಯುತ್ತದೆ, ಆದರೆ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ.

ಹಾಗಾಗಿ ಮೊಬೈಲ್‌ನಲ್ಲಿ ಬರೀ ಡಿಗ್ರಿ ನೋಡಬೇಡಿ. ಡ್ಯೂ ಪಾಯಿಂಟ್ ಅಂತ ಇನ್ನೊಂದು ಅಂಕಿ ಇರುತ್ತದೆ, ಗಾಳಿಯಲ್ಲಿ ಎಷ್ಟು ತೇವ ಇದೆ ಅಂತ ಅದೂ ಡಿಗ್ರಿಯಲ್ಲೇ ಹೇಳುತ್ತದೆ. ಅದು 24 ದಾಟಿದರೆ ಉಸಿರು ಕಟ್ಟಿದಂತಾಗುತ್ತದೆ. ಆಗಸ್ಟ್ ರಾತ್ರಿಗಳಲ್ಲಿ ದುಬೈಯಲ್ಲಿ ಅದು 26, 27 ದಾಟುವುದು ಮಾಮೂಲು. ಕೆಲವರು ಮೇ ತಿಂಗಳಲ್ಲಿ ಕಲಬುರಗಿಯ ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದು 'ತಡೆದುಕೊಂಡೆ, ಇನ್ನು ಭಯವಿಲ್ಲ' ಅನ್ನುತ್ತಾರೆ. ಈ ಅಡ್ಡದಾರಿ ಬೇಡ. ಅದು ಒಣ ಬಿಸಿಲು, ಪರೀಕ್ಷೆಯೇ ಬೇರೆ.

ಹೋಟೆಲಿನಲ್ಲಿ ಇಳಿಯಬೇಡಿ. ಕರಾಮಾ, ಬರ್ ದುಬೈ, ಅಲ್ ನಹ್ದಾ, ಹೀಗೆ ನೀವು ಮನೆ ಮಾಡಬಹುದಾದ ಕಡೆಯೇ ಅಡುಗೆಮನೆ ಇರುವ ಬಾಡಿಗೆ ಕೋಣೆ ಹಿಡಿಯಿರಿ. ಟ್ಯಾಕ್ಸಿ, ಮಾಲ್, ಟ್ಯಾಕ್ಸಿ ಅಂತ ಓಡಾಡಿದರೆ ಸೆಕೆ ತಿಳಿಯುವುದೇ ಇಲ್ಲ. ಮನೆಯಲ್ಲೇ ಸಾರು ಅನ್ನ ಮಾಡಿ. ಒಲೆ ಉರಿಯುವಾಗ ಎಸಿ ಎಷ್ಟು ಹೊತ್ತು ಓಡುತ್ತದೆ ನೋಡಿ. ಮಧ್ಯಾಹ್ನ ತಣ್ಣೀರಿನ ನಲ್ಲಿ ತಿರುಗಿಸಿ. ಮಾಳಿಗೆಯ ಟ್ಯಾಂಕ್ ಕಾದು ಬಿಸಿನೀರೇ ಬರಬಹುದು. ನಾವು ಬೇಸಿಗೆಯಲ್ಲಿ ಗೀಸರ್ ಸ್ವಿಚ್ ಹಾಕುತ್ತಲೇ ಇರಲಿಲ್ಲ. ಮನೆಯೊಳಗೆ ಇರುವ ಗೀಸರ್ ನೀರೇ ನಲ್ಲಿ ನೀರಿಗಿಂತ ತಣ್ಣಗಿರುತ್ತಿತ್ತು, ಅದರಲ್ಲೇ ಸ್ನಾನ.

ಗಟ್ಟಿ ಆರೋಗ್ಯ ಇರುವವರು ಒಂದು ದಿನ ಮಧ್ಯಾಹ್ನ ಅಂಗಡಿಗೆ ನಡೆದು ಹೋಗಿ ಬನ್ನಿ. ಹತ್ತು ನಿಮಿಷ ಸಾಕು, ನೀರು ಕೈಯಲ್ಲಿರಲಿ. ತಲೆ ಸುತ್ತಿದರೆ, ಹೊಟ್ಟೆ ತೊಳಸಿದರೆ ತಕ್ಷಣ ಒಳಗೆ ಹೋಗಿ. ವಯಸ್ಸಾದವರಿಗೆ, ಮಕ್ಕಳಿಗೆ ಇದು ಖಂಡಿತ ಬೇಡ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ಕಾನೂನೇ ಇದೆ. ಅದರ ಮೇಲೆ ನೀವೇ ಅಂದಾಜು ಮಾಡಿ.

ಆಮೇಲೆ ರಾತ್ರಿ ಎಂಟಕ್ಕೆ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ. ಎಷ್ಟು ಹೊತ್ತು ಆಡುತ್ತಾರೆ ಅಂತ ನೋಡಿ. ಮೊದಲ ಮೂರು ದಿನ ಎಲ್ಲರಿಗೂ ಸಾಕಪ್ಪಾ ಅನ್ನಿಸುತ್ತದೆ, ಅದನ್ನೇ ಕೊನೆಯ ಮಾತು ಅಂತ ತೆಗೆದುಕೊಳ್ಳಬೇಡಿ. ಮೈ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಹತ್ತು ದಿನ ಅಂದದ್ದು ಅದಕ್ಕೇ.

ಹತ್ತನೇ ದಿನ ಮನೆಯಲ್ಲಿ ಇರುವವರನ್ನು ಕೇಳಿ. ಆಫೀಸಿಗೆ ಹೋಗುವವರಿಗೆ ಮನೆ, ಕಾರು, ಆಫೀಸು ಎಲ್ಲ ಕಡೆ ಎಸಿ ಇರುತ್ತದೆ, ಜೊತೆಗೆ ನಾಲ್ಕು ಜನರ ಮಾತು. ನಾಲ್ಕು ಗೋಡೆ ನೋಡುತ್ತಾ ಕೂರುವವರು ತಾಯಿ, ಅತ್ತೆ, ಮಾವ, ಮಗು. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬರುವ ಅಪ್ಪನಿಗೆ ನಾಲ್ಕು ತಿಂಗಳು ಮಾಲ್‌ನೊಳಗೆ ನಡೆಯಿರಿ ಅನ್ನಬೇಕಾಗುತ್ತದೆ. ಅವರು ಬೇಡ ಅಂದರೆ ಬೇಡವೇ. ಇದರಲ್ಲಿ ಒತ್ತಾಯ ಮಾಡಬೇಡಿ.

ಕುತ್ತಿಗೆಗೆ ಹಾಕುವ ಪುಟ್ಟ ಫ್ಯಾನ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. 42 ಡಿಗ್ರಿಯಲ್ಲಿ ಅದು ಬಿಸಿಗಾಳಿಯನ್ನೇ ಮುಖಕ್ಕೆ ಊದುತ್ತದೆ. ನೀರು ಹಾಕುವ ಕೂಲರ್ ಕೂಡ ದಂಡ, ತೇವದ ಗಾಳಿಗೆ ಅದು ಇನ್ನಷ್ಟು ತೇವ ಸೇರಿಸುತ್ತದೆ. ಅಗಲ ಅಂಚಿನ ಹತ್ತಿಯ ಟೋಪಿ ಕೊಳ್ಳಿ.

ನಾಲ್ಕನೆಯದು ಮನೆಯ ಲೆಕ್ಕ. ಬಾಡಿಗೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ತಂಪಿನ ಖರ್ಚು ಯಾರದು ಅಂತ ಕೇಳಿ. 'ಚಿಲ್ಲರ್ ಫ್ರೀ' ಮನೆಯಾದರೆ ಅದು ಬಾಡಿಗೆಯಲ್ಲೇ ಸೇರಿರುತ್ತದೆ. ಇಲ್ಲದಿದ್ದರೆ ಕರೆಂಟ್ ಬಿಲ್ ಜೊತೆ ತಂಪಿನದೇ ಬೇರೆ ಬಿಲ್ ಬರಬಹುದು. ಹಿಂದಿನ ಬಾಡಿಗೆದಾರರ ಆಗಸ್ಟ್ ಬಿಲ್ ತೋರಿಸಿ ಅನ್ನಿ. ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇರುವ ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಮೆಟ್ರೊಗೆ ಐದು ನಿಮಿಷದ ಹಳೆಯ ಮನೆಯೇ ವಾಸಿ. ಮುಂಚೆ ಬಿಟ್ಟು ಹೋದರೆ ದಂಡ ಎಷ್ಟು ಅಂತ ಕರಾರಿನಲ್ಲಿ ಓದಿ ಸಹಿ ಹಾಕಿ.

ವಿಮಾನದ ಖರ್ಚನ್ನೂ ಸೇರಿಸಿ. ಜುಲೈ, ಆಗಸ್ಟ್‌ನಲ್ಲಿ ಶಾಲೆಗೆ ರಜೆ. ಎಷ್ಟೋ ಮನೆಯವರು ಆಗ ಊರಿಗೆ ಬರುತ್ತಾರೆ, ಟಿಕೆಟ್ ದರವೂ ಏರಿರುತ್ತದೆ. ನಾಲ್ಕು ಜನರ ಟಿಕೆಟ್ ಪ್ರತಿ ವರ್ಷದ್ದು, ಅಲ್ವಾ?

ಐದನೆಯದು ಡಾಕ್ಟರ್. ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿಯಲ್ಲಿ ಕಲ್ಲಾದವರು ಹೊರಡುವ ಮೊದಲೇ ಕೇಳಿಕೊಳ್ಳಿ. ವಿಟಮಿನ್ ಡಿ ಪರೀಕ್ಷೆಯನ್ನೂ ಮಾಡಿಸಿ. ಅಷ್ಟು ಬಿಸಿಲಿನ ಊರಲ್ಲೂ ಅದರ ಕೊರತೆ ತುಂಬಾ ಜನಕ್ಕಿದೆ, ಯಾಕೆಂದರೆ ಬಿಸಿಲಿಗೆ ಯಾರೂ ಹೊರಗೆ ಬರುವುದೇ ಇಲ್ಲ.

ಎಲ್ಲರೂ ಹೂಂ ಅಂದರೆ ನವೆಂಬರ್‌ನಲ್ಲಿ ಹೋಗಿ. ಕಂಪನಿಯವರನ್ನು ಕೇಳಿ ನೋಡಿ, ಎಷ್ಟೋ ಸಲ ಒಪ್ಪುತ್ತಾರೆ. ತಂಪು ಕಾಲದಲ್ಲಿ ನೆರೆಹೊರೆ ಪರಿಚಯವಾಗುತ್ತದೆ, ಮಾರ್ಚ್‌ನಿಂದ ಮೈ ನಿಧಾನವಾಗಿ ಒಗ್ಗುತ್ತದೆ. ಮೈಸೂರಿನ ಮನೆಯನ್ನು ಮಾತ್ರ ಒಂದು ಪೂರ್ತಿ ಬೇಸಿಗೆ ಕಳೆಯುವವರೆಗೆ ಬಾಡಿಗೆಗೆ ಕೊಡಬೇಡಿ. ಬೀಗ ಹಾಕಿ, ಒಂದು ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿ.